ಸಂಗೀತದಲ್ಲಿ ಡಾಕ್ಟರೇಟ್: ಇಲ್ಲಿಯ ಪಿಎಚ್.ಡಿ.ಯೋ, ಹೊರದೇಶದ ಡಿ.ಎಂ.ಎ.ಯೋ, ಎರಡೂ ಬೇಡವೋ?

ಸಂಗೀತದ ವಿದ್ವತ್ ಪರೀಕ್ಷೆ ಮುಗಿದಿದೆ. ಎಂ.ಎ. ಅಥವಾ ಎಂ.ಪಿ.ಎ. (ಪ್ರದರ್ಶಕ ಕಲೆಗಳ ಸ್ನಾತಕೋತ್ತರ ಪದವಿ) ಕೈಯಲ್ಲಿದೆ. ಆಗೊಮ್ಮೆ ಈಗೊಮ್ಮೆ ಕಛೇರಿ, ಮನೆಯಲ್ಲಿ ಹತ್ತಾರು ಮಕ್ಕಳಿಗೆ ಪಾಠ. ಈ ಹಂತಕ್ಕೆ ಬಂದವರಿಗೆ ಸುತ್ತಲಿನವರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಡಾಕ್ಟರೇಟ್ ಮಾಡು, ಕಾಲೇಜು ಕೆಲಸಕ್ಕೆ ದಾರಿಯಾಗುತ್ತದೆ. ಯಾವ ಡಾಕ್ಟರೇಟ್ (ಬರಹಕ್ಕೆ ಕೊಡುವ ಪಿಎಚ್.ಡಿ.ಯೋ, ಕಛೇರಿಗೆ ಕೊಡುವ ಡಿ.ಎಂ.ಎ., ಅಂದರೆ ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್ ಪದವಿಯೋ), ಎಲ್ಲಿ, ಯಾತಕ್ಕೆ ಎಂಬ ಮಾತು ಬರುವುದೇ ಇಲ್ಲ. ಸೇರಿ ಎರಡು ವರ್ಷ ಕಳೆದ ಮೇಲೆ ‘ನಾನು ಅಂದುಕೊಂಡದ್ದು ಇದಲ್ಲ’ ಎನ್ನುವ ಒಳ್ಳೆಯ ಗಾಯಕರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹೋಲಿಸಲು ಕೂತವರು ವರ್ಷ, ಶುಲ್ಕ, ವಿಶ್ವವಿದ್ಯಾಲಯದ ಹೆಸರು ಇವುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಅವೆಲ್ಲ ಬೇಕು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಪದವಿ ಕೊಡುವ ಮುಂಚೆ ಪರೀಕ್ಷಕರು ಯಾವುದನ್ನು ತೂಗುತ್ತಾರೆ? ನೀವು ಹಾಡಿದ್ದನ್ನೋ, ಬರೆದದ್ದನ್ನೋ? ಇದಕ್ಕೆ ಸಿಗುವ ಉತ್ತರದಿಂದಲೇ ಉಳಿದ ಲೆಕ್ಕವೆಲ್ಲ ಹುಟ್ಟುತ್ತದೆ.

ಇಲ್ಲಿಯ ಪಿಎಚ್.ಡಿ.: ತೂಕವೆಲ್ಲ ಬರಹಕ್ಕೆ

ಮೈಸೂರಾಗಲಿ, ಧಾರವಾಡವಾಗಲಿ, ಕಾಶಿಯಾಗಲಿ, ದೆಹಲಿಯಾಗಲಿ, ಪಿಎಚ್.ಡಿ.ಯ ಮೂಲ ಚೌಕಟ್ಟು ಒಂದೇ. ಅದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿ ಮಾಡಿದವರು ಶೇ 75 ಗಳಿಸಿದ್ದರೆ ಎಂ.ಎ. ಇಲ್ಲದೆಯೂ ಅರ್ಜಿ ಹಾಕಬಹುದು. ಪಿಎಚ್.ಡಿ.ಗೆ ಮುಂಚಿನ ಸಂಶೋಧನಾ ಪದವಿಯಾಗಿದ್ದ ಎಂ.ಫಿಲ್. ಈಗ ನಿಂತುಹೋಗಿದೆ.

ಸೇರಿದ ಮೇಲೆ ಕೋರ್ಸ್‌ವರ್ಕ್ ಇರುತ್ತದೆ, ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ ಮತ್ತು ಪ್ರಕಟಣೆಯ ನೀತಿ ಅದರಲ್ಲಿ ಕಡ್ಡಾಯ; ಶೇ 55 ಬಂದರಷ್ಟೇ ಮುಂದಿನ ಹೆಜ್ಜೆ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಪ್ರಬಂಧ ಸಿದ್ಧವಾದಾಗ ಸಲ್ಲಿಕೆಗೆ ಮುಂಚೆ ಒಂದು ಮಂಡನೆ. ಆಮೇಲೆ ಮಾರ್ಗದರ್ಶಕರಲ್ಲದೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ, ಕೊನೆಗೆ ಎಲ್ಲರಿಗೂ ತೆರೆದ ಮೌಖಿಕ ಪರೀಕ್ಷೆ. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮತ್ತೆರಡು ವರ್ಷ ಸೇರಿ ಒಟ್ಟು 10ರವರೆಗೆ ಹೋಗಬಹುದು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳ ರಜೆಯೂ ಇದೆ.

ಈ ಸಾಲುಗಳನ್ನು ಮತ್ತೊಮ್ಮೆ ಓದಿ ನೋಡಿ. ಹಾಡು ಎಲ್ಲೂ ಇಲ್ಲ. ಪ್ರವೇಶಕ್ಕೆ ಹಾದಿಯಾಗಿರುವ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಸಂಗೀತ ಪತ್ರಿಕೆಯೂ ಬಹು ಆಯ್ಕೆಯ ಪ್ರಶ್ನೆಗಳದ್ದೇ. ಕೆಲವೆಡೆ ಸಂದರ್ಶನದಲ್ಲಿ ಎರಡು ನಿಮಿಷ ಹಾಡಿಸುವುದುಂಟು, ಅಷ್ಟೇ. ನೆಟ್‌ನಿಂದ ಕೊನೆಯ ಮೌಖಿಕ ಪರೀಕ್ಷೆಯವರೆಗೆ ಒಮ್ಮೆಯೂ ಶ್ರುತಿ ಹಿಡಿಯದೆ ಸಂಗೀತದ ಡಾಕ್ಟರ್ ಆಗಲು ನಿಯಮದ ಅಡ್ಡಿಯಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಪಿಎಚ್.ಡಿ. ಎಂಬುದು ಒಂದು ಪ್ರಶ್ನೆಗೆ ಆಧಾರ ಸಹಿತ ಉತ್ತರ ಹುಡುಕಿ ಬರೆದವರಿಗೆ ಕೊಡುವ ಪದವಿ, ಹಾಗೆಯೇ ಇರಬೇಕು ಕೂಡ. ತೊಂದರೆ ಹುಟ್ಟುವುದು ಕಛೇರಿಯ ಹಸಿವಿರುವವರು ಇದನ್ನು ಕಛೇರಿಯ ಮೆಟ್ಟಿಲೆಂದು ತಿಳಿದಾಗ. ಮೂರರಿಂದ ಆರು ವರ್ಷ, ಅದೂ ಕಂಠ ಮಾಗುವ ವಯಸ್ಸಿನಲ್ಲಿ, ಬೆಳಗಿನ ಸಾಧನೆಯ ಹೊತ್ತು ಅಡಿಟಿಪ್ಪಣಿಗಳಿಗೆ ಹೋಗುತ್ತದೆ.

ಹಾಡುವವರು ಪಿಎಚ್.ಡಿ. ಮಾಡಲೇಬಾರದೇ? ಮಾಡಬೇಕು, ಪ್ರಶ್ನೆ ಅವರ ಹಾಡಿನೊಳಗಿಂದಲೇ ಬಂದಿದ್ದರೆ. ಹಿಂದೂಸ್ತಾನಿಯ ಕಿರಾನಾ ಘರಾಣೆಯ ಗಾಯಕಿ ಪ್ರಭಾ ಅತ್ರೆಯವರು ಡಾಕ್ಟರೇಟ್ ಪಡೆದದ್ದು ಸರಗಮ್‌ನ, ಅಂದರೆ ಸ್ವರಗಳ ಹೆಸರನ್ನೇ ಹಾಡುವ ಕ್ರಮದ, ಬಳಕೆಯ ಬಗ್ಗೆ. ಅವರ ಗಾಯನದಲ್ಲಿ ಸರಗಮ್‌ಗೆ ಇದ್ದ ಸ್ಥಾನ ಕೇಳಿದವರಿಗೆಲ್ಲ ಗೊತ್ತು. ವೀಣೆ ಧನಮ್ಮಾಳ್ ಅವರ ಮೊಮ್ಮಗ, ಕೊಳಲು ವಾದಕ ಟಿ. ವಿಶ್ವನಾಥನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ 1975ರಲ್ಲಿ ಒಪ್ಪಿಸಿದ ಪ್ರಬಂಧ ರಾಗಾಲಾಪನೆಯ ಬಗ್ಗೆ. ಇಬ್ಬರೂ ದಿನವೂ ಮಾಡುತ್ತಿದ್ದುದನ್ನೇ ನಿಧಾನಿಸಿ ನೋಡಿ ಬರೆದರು. ಇಂಥ ವಿಷಯ ಸಿಕ್ಕರೆ ಸಾಧನೆ ಮತ್ತು ಸಂಶೋಧನೆ ಒಂದನ್ನೊಂದು ತಿನ್ನುವುದಿಲ್ಲ.

ವಿಶ್ವವಿದ್ಯಾಲಯಕ್ಕಿಂತ ಮೊದಲು ಮಾರ್ಗದರ್ಶಕ

ನನ್ನ ಅನಿಸಿಕೆಯಲ್ಲಿ ಇಡೀ ಆಯ್ಕೆಯ ಅರ್ಧ ಭಾಗ ಇಲ್ಲೇ ಇದೆ. ನಿಯಮದ ಪ್ರಕಾರ ಮಾರ್ಗದರ್ಶಕರಾಗಲು ಪಿಎಚ್.ಡಿ. ಇರುವ ಕಾಯಂ ಅಧ್ಯಾಪಕರೇ ಆಗಬೇಕು. ಜೊತೆಗೆ ಪ್ರೊಫೆಸರ್ ಮತ್ತು ಅಸೋಸಿಯೇಟ್ ಪ್ರೊಫೆಸರ್ ಆದರೆ ಐದು, ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಮೂರು ಸಂಶೋಧನಾ ಲೇಖನಗಳು ಪರಿಶೀಲಿತ ಪತ್ರಿಕೆಗಳಲ್ಲಿ ಬಂದಿರಬೇಕು. ಅಂದರೆ ನಿಮ್ಮನ್ನು ಹದಿನೈದು ವರ್ಷ ಕೂರಿಸಿಕೊಂಡು ಕಲಿಸಿದ ಗುರುಗಳು ಎಷ್ಟೇ ದೊಡ್ಡ ವಿದ್ವಾಂಸರಾಗಿದ್ದರೂ ಅವರ ಹೆಸರು ಆ ಜಾಗದಲ್ಲಿ ಬರುವಂತಿಲ್ಲ. ಹಾಡಿನ ಗುರು ಒಬ್ಬರು, ಪ್ರಬಂಧದ ಗೈಡ್ ಇನ್ನೊಬ್ಬರು. ಇಬ್ಬರ ಬಾನಿ (ಶೈಲಿ), ಪಾಠಾಂತರ (ಗುರುಗಳಿಂದ ಬಂದ ಕೃತಿಗಳ ರೂಪ), ರಾಗಲಕ್ಷಣದ ಬಗೆಗಿನ ನಿಲುವು ಹೊಂದದಿದ್ದರೆ ನಡುವೆ ನಲುಗುವವರು ನೀವು. ಸೇರುವ ಮುಂಚೆ ಗೈಡ್ ಬರೆದ ಒಂದೆರಡು ಲೇಖನ ಓದಿ. ಅವರ ಬಳಿ ಮುಗಿಸಿದವರ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ತೆರೆದು ನೋಡಿ. ಮುನ್ನುಡಿಯ ಕೃತಜ್ಞತೆಯನ್ನಲ್ಲ, ನಡುವಿನ ಒಂದು ಅಧ್ಯಾಯವನ್ನು ಓದಿ. ಆ ಗೈಡ್ ವಿದ್ಯಾರ್ಥಿಗಳಿಂದ ಎಷ್ಟು ಕೆಲಸ ತೆಗೆಯುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ.

ಸೀಟಿನ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ಒಮ್ಮೆಗೆ ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಸಂಶೋಧಕರನ್ನಷ್ಟೇ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕಾಯಂ ಹುದ್ದೆಯಲ್ಲಿ ಇಬ್ಬರೇ ಅಸಿಸ್ಟೆಂಟ್ ಪ್ರೊಫೆಸರ್ ಇರುವ ಸಂಗೀತ ವಿಭಾಗದಲ್ಲಿ ಒಟ್ಟು ಎಂಟೇ ಜಾಗ; ಅವು ತುಂಬಿದ್ದರೆ ನಿಮ್ಮ ಅಂಕ ಎಷ್ಟಿದ್ದರೂ ಕಾಯಬೇಕು. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗವಾದರೆ ಇನ್ನೂ ಕಷ್ಟ. ಅಧಿಸೂಚನೆ ಬರುವವರೆಗೆ ಕಾಯದೆ ವಿಭಾಗಕ್ಕೆ ಹೋಗಿ, ಯಾರ ಬಳಿ ಎಷ್ಟು ಜಾಗ ಖಾಲಿ ಇದೆ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚಪಡಬೇಕಿಲ್ಲ.

ಆಮೇಲೆ ಊರು. ಆಕರ ಇರುವ ಊರಿನಲ್ಲಿ ಸೇರುವುದು ಲಾಭ. ಒಡೆಯರ ಆಸ್ಥಾನದ ವಾಗ್ಗೇಯಕಾರರು, ಮೈಸೂರಿನ ವೀಣೆಯ ಬಾನಿ, ಶ್ರೀವಿದ್ಯಾ ಅಂಕಿತದ ಜಯಚಾಮರಾಜೇಂದ್ರ ಒಡೆಯರ್ ಅವರ 94 ಕೃತಿಗಳು, ಲಕ್ಷಣಗ್ರಂಥಗಳ ಹಸ್ತಪ್ರತಿ, ಇಂಥವು ನಿಮ್ಮ ವಿಷಯವಾದರೆ ಮೈಸೂರು. ಅಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಮೈಸೂರು ವಿಶ್ವವಿದ್ಯಾಲಯವೂ ಇವೆ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ತಾಳೆಗರಿಗಳೂ ಇವೆ. ಕುಂದಗೋಳದ ಸವಾಯಿ ಗಂಧರ್ವರಿಂದ ಹಬ್ಬಿದ ಪರಂಪರೆ, ಮಲ್ಲಿಕಾರ್ಜುನ ಮನ್ಸೂರರ ಗಾಯನ, ಹಿಂದೂಸ್ತಾನಿ ಖಯಾಲಿನ ಬಂದಿಶ್‌ಗಳು (ರಚನೆಗಳು) ಇವೇ ಮನಸ್ಸಿನಲ್ಲಿದ್ದರೆ ಧಾರವಾಡ ಬಿಟ್ಟು ಬೇರೆಡೆ ಕೂರುವುದು ನನಗೆ ಅರ್ಥವಾಗದು. ಅಲ್ಲಿ ಇಂದಿಗೂ ಮಾತಾಡಿಸಬಹುದಾದ ಶಿಷ್ಯರ ಮನೆಗಳಿವೆ. ವಚನ, ದಾಸರ ಪದ, ಗಮಕ, ಜನಪದ ಹಾಡುಗಾರಿಕೆ ಹೀಗೆ ಸಾಹಿತ್ಯಕ್ಕೆ ಹೊಂದಿಕೊಂಡ ವಿಷಯವನ್ನು ಕನ್ನಡದಲ್ಲೇ ಬರೆಯುವ ಆಸೆಯಿದ್ದರೆ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕಡೆಗೂ ನೋಡಿ. ಹಳೆಯ ಧ್ವನಿಮುದ್ರಣ, ಕ್ಷೇತ್ರಕಾರ್ಯದ ಸಂಗ್ರಹ ಬೇಕಿದ್ದವರು ಎಲ್ಲೇ ಸೇರಲಿ, ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜನಾಂಗೀಯ ಸಂಗೀತದ ದಾಖಲೆಗಾರಕ್ಕೆ ಒಂದು ವಾರವಾದರೂ ಹೋಗಿ ಬರಬೇಕು.

ಪ್ರಬಂಧದ ಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಬರೆದರೆ ದೂರದವರು ಓದುತ್ತಾರೆ, ಪರೀಕ್ಷಕರ ಆಯ್ಕೆಯೂ ಅಗಲವಾಗುತ್ತದೆ. ಕನ್ನಡದಲ್ಲಿ ಬರೆದರೆ ವಿಷಯದ ಜನರೇ ಓದುತ್ತಾರೆ. ಹರಿದಾಸರ ಉಗಾಭೋಗದ ಬಗ್ಗೆ ಬರೆಯುವವರು ಕನ್ನಡ ಬಿಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾತಿಗೂ ಧಾತುವಿಗೂ (ಅದರ ಸ್ವರರೂಪಕ್ಕೂ) ಇರುವ ನಂಟನ್ನು ಬೇರೆ ಭಾಷೆಯಲ್ಲಿ ವಿವರಿಸುವಷ್ಟರಲ್ಲಿ ಅರ್ಧ ಪುಟ ಹೋಗಿರುತ್ತದೆ.

ಪೂರ್ಣಾವಧಿಯೋ, ಅರೆಕಾಲಿಕವೋ

ಹಣದಿಂದ ಶುರುಮಾಡೋಣ. ನೆಟ್‌ನಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ದಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ ಹಿರಿಯ ಫೆಲೋಶಿಪ್‌ನಲ್ಲಿ 42,000; 2023ರ ಜನವರಿಯಿಂದ ಬಂದ ದರ ಇದು. ಮನೆ ಬಾಡಿಗೆ ಭತ್ಯೆ ಬೇರೆ. ಸಂಗೀತದಲ್ಲಿ ಇಷ್ಟು ನಿಶ್ಚಿತ ಆದಾಯ ಎಷ್ಟು ಜನ ಕಲಾವಿದರಿಗಿದೆ? ಜೆ.ಆರ್.ಎಫ್. ಸಿಕ್ಕವರು ಎರಡನೆಯ ಯೋಚನೆಯಿಲ್ಲದೆ ಪೂರ್ಣಾವಧಿಗೆ ಹೋಗಲಿ.

2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶ ಮೂರು ಬಗೆ: ಜೆ.ಆರ್.ಎಫ್. ಜೊತೆಗಿನ ಅರ್ಹತೆ, ಅಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶ, ಬರೀ ಪಿಎಚ್.ಡಿ. ಪ್ರವೇಶ. ಎರಡು ಮತ್ತು ಮೂರನೆಯ ಬಗೆಯವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಸ್ವಂತ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾಲಯಗಳಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದವು, ಅರ್ಧ ಸಂಗೀತದವು. ಗಾಯಕರು ಸೋಲುವುದು ಬಹುಪಾಲು ಮೊದಲ ಅರ್ಧದಲ್ಲಿ, ಆದ್ದರಿಂದ ತಯಾರಿ ಅಲ್ಲಿಂದಲೇ ಶುರುವಾಗಲಿ.

ಅರೆಕಾಲಿಕ ಪಿಎಚ್.ಡಿ.ಗೆ ನಿಯಮದಲ್ಲಿ ಜಾಗವಿದೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಶಾಲಾ ಸಂಗೀತ ಶಿಕ್ಷಕರಿಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯಲ್ಲಿ ದುಡಿಯುತ್ತಾ ಸಂಜೆ ವೀಣೆ ಹಿಡಿಯುವವರಿಗೆ ಇದೇ ನಿಜವಾದ ದಾರಿ. ಪ್ರಬಂಧದ ಮಟ್ಟದಲ್ಲಿ ರಿಯಾಯಿತಿ ಇಲ್ಲ, ಮೌಲ್ಯಮಾಪನವೂ ಅದೇ. ಎಂಜಿನಿಯರಿಂಗ್ ಪದವಿ ಮತ್ತು ವಿದ್ವತ್ ಎರಡನ್ನೂ ಇಟ್ಟುಕೊಂಡು ನೇರವಾಗಿ ಸಂಗೀತದ ಪಿಎಚ್.ಡಿ.ಗೆ ಬರುತ್ತೇನೆ ಎಂದರೆ ಆಗದು. ವಿದ್ವತ್ತನ್ನು ಸ್ನಾತಕೋತ್ತರಕ್ಕೆ ಸಮ ಎಂದು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮೊದಲು ಸಂಗೀತದಲ್ಲಿ ಎಂ.ಎ. ಅಥವಾ ಎಂ.ಪಿ.ಎ. ಮುಗಿಸಿಕೊಳ್ಳಿ. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ ಪಿಎಚ್.ಡಿ. ಕೊಡುತ್ತೇವೆ ಎನ್ನುವವರ ಜಾಹೀರಾತನ್ನು ನಂಬಬೇಡಿ, ಯುಜಿಸಿ ನಿಯಮ ಅದನ್ನು ಒಪ್ಪುವುದಿಲ್ಲ. ದುಡ್ಡು ತೆಗೆದುಕೊಂಡು ‘ಗೌರವ ಡಾಕ್ಟರೇಟ್’ ಹಂಚುವ ಸಂಸ್ಥೆಗಳಂತೂ ಕಲಾವಿದರನ್ನೇ ಹುಡುಕಿಕೊಂಡು ಬರುತ್ತವೆ. ಆ ಕಾಗದ ಯಾವ ನೇಮಕಾತಿಗೂ ನಿಲ್ಲದು.

2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟಿಸುವುದು, ಎರಡು ವಿಚಾರ ಸಂಕಿರಣಗಳಲ್ಲಿ ಮಂಡಿಸುವುದು ಕಡ್ಡಾಯವಾಗಿತ್ತು. 2022ರಲ್ಲಿ ಯುಜಿಸಿ ಅದನ್ನು ಕೈಬಿಟ್ಟಿತು. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮದಲ್ಲಿ ಉಳಿಸಿಕೊಂಡಿರಬಹುದು, ಕೇಳಿಕೊಳ್ಳಿ. ಕಡ್ಡಾಯವಿಲ್ಲದಿದ್ದರೂ ಒಂದು ಲೇಖನ ಪ್ರಕಟಿಸಿ ಎಂದೇ ಹೇಳುತ್ತೇನೆ. ಪ್ರಬಂಧದ ಬಲಹೀನ ಜಾಗಗಳು ಪರೀಕ್ಷಕರಿಗಿಂತ ಮೊದಲು ಸಂಪಾದಕರ ಕಣ್ಣಿಗೆ ಬೀಳುವುದು ಒಳ್ಳೆಯದು. ಕೃತಿಚೌರ್ಯದ ತಪಾಸಣೆಯಲ್ಲಿ ಹೋಲಿಕೆ ಶೇ 10ರ ಒಳಗಿರಬೇಕು. ಶ್ಲೋಕ, ಸಾಹಿತ್ಯ, ಸ್ವರಲಿಪಿಗಳನ್ನು ಉದ್ಧರಣೆಯಾಗಿ ಸರಿಯಾಗಿ ಗುರುತಿಸದಿದ್ದರೆ ಸಂಗೀತದ ಪ್ರಬಂಧದಲ್ಲಿ ಈ ಮಿತಿ ಬಲು ಬೇಗ ಮೀರುತ್ತದೆ.

ಡಿ.ಎಂ.ಎ.: ಕಛೇರಿಗೆ ಕೊಡುವ ಡಾಕ್ಟರೇಟ್

ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್ ಅಮೆರಿಕದಲ್ಲಿ 1950ರ ದಶಕದಲ್ಲಿ ರೂಪುಗೊಂಡ ಪದವಿ. ವಾದಕರಿಗೂ ಸಂಯೋಜಕರಿಗೂ ಅವರ ಕಲೆಯ ಆಧಾರದ ಮೇಲೆಯೇ ಅತ್ಯುನ್ನತ ಪದವಿ ಸಿಗಬೇಕೆಂಬ ವಾದ ಅದರ ಹಿಂದಿತ್ತು, ರೋಚೆಸ್ಟರ್‌ನ ಈಸ್ಟ್‌ಮನ್ ಶಾಲೆ ಮುಂದಾಳುಗಳಲ್ಲಿ ಒಂದು. ಸ್ನಾತಕೋತ್ತರದ ನಂತರ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಹಿಡಿಯುತ್ತದೆ.

ಇಲ್ಲಿ ಆರಂಭವೇ ಆಡಿಷನ್. ಧ್ವನಿಮುದ್ರಣ ಕಳಿಸಬೇಕು, ಆಯ್ಕೆಯಾದರೆ ಎದುರಿಗೆ ನುಡಿಸಬೇಕು. ಸೇರಿದೊಡನೆ ಸಂಗೀತ ಇತಿಹಾಸ ಮತ್ತು ಸಿದ್ಧಾಂತದಲ್ಲಿ ಒಂದು ತಪಾಸಣಾ ಪರೀಕ್ಷೆ. ಕೊರತೆ ಕಂಡರೆ ಹೆಚ್ಚುವರಿ ಪಾಠಗಳು. ಅಲ್ಲಿಂದ ಮುಂದೆ ವಾರ ವಾರ ಗುರುವಿನ ಪಾಠ, ತರಗತಿಗಳು, ಸಾಮಾನ್ಯವಾಗಿ ಮೂರು ನಾಲ್ಕು ರಿಸೈಟಲ್ (ಕಛೇರಿ). ಒಂದು ಏಕವ್ಯಕ್ತಿ, ಒಂದು ಚೇಂಬರ್ (ಚಿಕ್ಕ ಗುಂಪಿನದು), ಒಂದು ವಿವರಣೆಯೊಡನೆ ನುಡಿಸುವ ಉಪನ್ಯಾಸ ಕಛೇರಿ, ಹೀಗೆ. ಗಾಯಕರಿಗೆ ಜರ್ಮನ್, ಫ್ರೆಂಚ್, ಇಟಾಲಿಯನ್ ಓದಲು ಬರಬೇಕೆಂಬ ಷರತ್ತು ಹಲವೆಡೆ ಇದೆ. ಲಿಖಿತ ಮತ್ತು ಮೌಖಿಕ ಸಮಗ್ರ ಪರೀಕ್ಷೆ ಇದೆ. ಕೊನೆಗೆ ಬರಹವೂ ಇದೆ. ಅದಕ್ಕೆ ಸಂಸ್ಥೆಗೊಂದು ಹೆಸರು, ಸಾಮಾನ್ಯವಾಗಿ ಪಿಎಚ್.ಡಿ. ಪ್ರಬಂಧಕ್ಕಿಂತ ಚಿಕ್ಕದು. ರಿಸೈಟಲ್ ಚೆನ್ನಾಗಿಲ್ಲದಿದ್ದರೆ ಪದವಿಯೇ ನಿಲ್ಲುತ್ತದೆ.

ಇದೇ ನನಗೆ ಬೇಕಾದದ್ದು ಎಂದು ನಮ್ಮ ಅನೇಕ ಗಾಯಕರಿಗೆ ಅನಿಸುವುದು ಸಹಜ. ಆದರೆ ಡಿ.ಎಂ.ಎ. ಬಹುಮಟ್ಟಿಗೆ ಪಾಶ್ಚಾತ್ಯ ಸಂಗೀತದ ಪದವಿ. ಪಿಯಾನೊ, ಪಾಶ್ಚಾತ್ಯ ಪದ್ಧತಿಯ ಪಿಟೀಲು, ಆಪೆರಾ ಗಾಯನ, ವಾದ್ಯವೃಂದ ನಿರ್ದೇಶನ, ಸಂಯೋಜನೆ, ಇವೇ ಅದರ ವಿಭಾಗಗಳು. ಕರ್ನಾಟಕ ಪಿಟೀಲಿನಲ್ಲಿ ಎಷ್ಟೇ ಪಳಗಿದ್ದರೂ ಪಿಟೀಲಿನ ಡಿ.ಎಂ.ಎ. ಆಡಿಷನ್‌ಗೆ ಕೇಳುವುದು ಬಾಖ್ ರಚನೆಗಳು ಮತ್ತು ಕನ್ಚರ್ಟೊ (ವಾದ್ಯವೃಂದದೊಡನೆ ನುಡಿಸುವ ಕೃತಿ). ಪ್ರದರ್ಶಕ-ಸಂಯೋಜಕರಿಗಾಗಿ ಡಿ.ಎಂ.ಎ. ಇಟ್ಟಿರುವ, ಕ್ಯಾಲಿಫೋರ್ನಿಯದ ಕಲಾಶಾಲೆ ಕ್ಯಾಲ್‌ಆರ್ಟ್ಸ್‌ನಂಥ ಕೆಲವು ಕಡೆ ಬಾಗಿಲು ಅಗಲವಾಗಿದೆ, ನೀವು ಹೊಸದನ್ನು ಕಟ್ಟುವವರಾದರೆ. ಬೆಂಗಳೂರಿನಲ್ಲಿ ಪಿಯಾನೊ ಅಥವಾ ಗಿಟಾರ್ ಗಂಭೀರವಾಗಿ ಕಲಿತು, ಸಂಗೀತದಲ್ಲೇ ಪದವಿ ಪಡೆದವರಿಗೆ ಮಾತ್ರ ಡಿ.ಎಂ.ಎ. ಸರಿಯಾದ ಹಾದಿ ಎಂದು ಧೈರ್ಯವಾಗಿ ಹೇಳಬಹುದು.

ಹೊರದೇಶದ ಪಿಎಚ್.ಡಿ.

ನಮ್ಮ ಸಂಗೀತದವರಿಗೆ ಅಮೆರಿಕದಲ್ಲಿ ಹೆಚ್ಚು ಹೊಂದುವುದು ಜನಾಂಗೀಯ ಸಂಗೀತಶಾಸ್ತ್ರದ ಪಿಎಚ್.ಡಿ. ಕನೆಕ್ಟಿಕಟ್‌ನ ವೆಸ್ಲಿಯನ್‌ನಲ್ಲಿ 1960ರ ದಶಕದಿಂದ ಕರ್ನಾಟಕ ಸಂಗೀತದ ಪಾಠ ನಡೆದುಬಂದಿದೆ, ಮೃದಂಗದ ಟಿ. ರಂಗನಾಥನ್, ಅವರ ತಮ್ಮ ವಿಶ್ವನಾಥನ್ ಕಲಿಸಿದ ಜಾಗ. ವಿದ್ವಾನ್ ಎಸ್. ರಾಮನಾಥನ್ ಶಿಲಪ್ಪದಿಕಾರದ ಸಂಗೀತದ ಮೇಲೆ ಡಾಕ್ಟರೇಟ್ ಪಡೆದದ್ದೂ ಅಲ್ಲೇ. ಇಂಥ ಕಡೆ ಎರಡು ಮೂರು ವರ್ಷ ತರಗತಿಗಳು, ಭಾಷಾ ಪರೀಕ್ಷೆ, ಅರ್ಹತಾ ಪರೀಕ್ಷೆ, ಸಂಶೋಧನಾ ಪ್ರಸ್ತಾವ, ಒಂದು ವರ್ಷದಷ್ಟು ಕ್ಷೇತ್ರಕಾರ್ಯ, ಆಮೇಲೆ ಬರವಣಿಗೆ. ಒಟ್ಟು ಐದರಿಂದ ಏಳು ವರ್ಷ ಹಿಡಿಯುವುದು ಮಾಮೂಲು. ಒಳ್ಳೆಯ ವಿಭಾಗಗಳು ಶುಲ್ಕ ಮನ್ನಾ ಮಾಡಿ, ಪಾಠ ಮಾಡಿಸಿಕೊಂಡು ಜೀವನ ಭತ್ಯೆ ಕೊಡುತ್ತವೆ. ಭತ್ಯೆ ಇಲ್ಲದೆ ಕರೆದರೆ ಹೋಗಬೇಡಿ. ಸಾಲ ಮಾಡಿ ಮಾನವಿಕ ಶಾಸ್ತ್ರದ ಪಿಎಚ್.ಡಿ. ಮಾಡುವುದು ಬದುಕಿಗೆ ಭಾರ. ಅಲ್ಲಿ ಕಲಿಸುವ ಚಿಂತನೆಯ ಕ್ರಮ ಇಲ್ಲಿಗಿಂತ ಬೇರೆ. ರಾಗಲಕ್ಷಣಕ್ಕಿಂತ ಸಂಗೀತ ಮಾಡುವ ಜನ, ಜಾತಿ, ಹಣ, ಮಾಧ್ಯಮ ಇವುಗಳ ಪ್ರಶ್ನೆ ಮುಂದೆ ಬರುತ್ತದೆ. ಅದು ನಿಮ್ಮ ಆಸಕ್ತಿಯಲ್ಲದಿದ್ದರೆ ಏಳು ವರ್ಷ ದೀರ್ಘವಾದೀತು.

ಬ್ರಿಟನ್ನಿನಲ್ಲಿ ತರಗತಿಗಳು ಕಡಿಮೆ, ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಪ್ರಬಂಧ ಸುಮಾರು 80,000ದಿಂದ 1,00,000 ಪದ. ಕಛೇರಿ ಅಥವಾ ರಚನೆಗಳ ಸಂಪುಟದ ಜೊತೆ ಚಿಕ್ಕ ಬರಹ ಒಪ್ಪಿಸುವ ಪ್ರಯೋಗಾಧಾರಿತ ಪಿಎಚ್.ಡಿ. ಹಲವೆಡೆ ಇದೆ, ನಮ್ಮ ಪದ್ಧತಿಯ ಗಾಯಕರಿಗೆ ಹಾಡನ್ನೂ ಬರಹವನ್ನೂ ಒಟ್ಟಿಗೆ ತೂಗಿಸುವ ಅವಕಾಶ ಡಿ.ಎಂ.ಎ.ಗಿಂತ ಇಲ್ಲಿ ಹೆಚ್ಚು ಎನ್ನಬಹುದು. ಖರ್ಚು ಮಾತ್ರ ದೊಡ್ಡದು, ವಿದ್ಯಾರ್ಥಿವೇತನ ಕೆಲವೇ.

ಇಲ್ಲೇ ನೋಂದಾಯಿಸಿಕೊಂಡು ಅಲ್ಲಿಯ ಗ್ರಂಥಾಲಯ, ಗುರುಗಳ ಸಂಗ ಬೇಕೆನ್ನುವವರಿಗೆ ಮಧ್ಯದ ದಾರಿಯೊಂದಿದೆ. ಭಾರತದಲ್ಲಿ ಪಿಎಚ್.ಡಿ. ಮಾಡುತ್ತಿರುವವರಿಗೆ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಸಂಶೋಧನೆ ಮಾಡಲು ಕೊಡುವ ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್. ಸಂಗೀತದವರು ಇದಕ್ಕೆ ಅರ್ಜಿ ಹಾಕಲು ಯಾಕೋ ಹಿಂಜರಿಯುತ್ತಾರೆ.

ಹೊರದೇಶದಿಂದ ತಿರುಗಿ ಬಂದು ಇಲ್ಲಿ ಪಾಠ ಮಾಡುವ ಯೋಚನೆಯಿದ್ದರೆ ಹೊರಡುವ ಮೊದಲೇ ಒಂದು ವಿಷಯ ಗಮನಿಸಿ. ಅಧ್ಯಾಪಕ ನೇಮಕಾತಿಯ 2018ರ ಯುಜಿಸಿ ನಿಯಮ ವಿದೇಶಿ ಪಿಎಚ್.ಡಿ.ಯನ್ನು ನೇರವಾಗಿ ಒಪ್ಪುವುದು ಆ ವಿಶ್ವವಿದ್ಯಾಲಯ ಜಾಗತಿಕ ಶ್ರೇಯಾಂಕದ ಮೊದಲ 500ರಲ್ಲಿದ್ದರೆ. ನಿಯಮದಲ್ಲಿ ಇರುವುದು ಪಿಎಚ್.ಡಿ. ಎಂಬ ಪದವಿಯ ಹೆಸರು, ಡಿ.ಎಂ.ಎ. ಮಾಡಿ ಬಂದವರು ಸಮಾನತೆಯ ಪ್ರಮಾಣಪತ್ರ ಪಡೆದುಕೊಳ್ಳದೆ ಅರ್ಜಿ ಹಾಕಿದರೆ ಪರಿಶೀಲನೆಯ ಮೇಜಿನಲ್ಲೇ ಕಡತ ನಿಂತೀತು.

ಡಾಕ್ಟರೇಟ್ ಇಲ್ಲದೆಯೂ

ಕಾಲೇಜು ಕೆಲಸವೊಂದೇ ಗುರಿಯಾಗಿದ್ದರೆ ಮೊದಲು ನೆಟ್ ಅಥವಾ ಕೆಸೆಟ್ (ಕರ್ನಾಟಕದ ರಾಜ್ಯ ಅರ್ಹತಾ ಪರೀಕ್ಷೆ) ಬರೆಯಿರಿ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅದೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯವಲ್ಲ ಎಂದು ಯುಜಿಸಿ 2023ರಲ್ಲಿ ಸ್ಪಷ್ಟಪಡಿಸಿದೆ. ಬಡ್ತಿಗೆ ಪಿಎಚ್.ಡಿ. ಬೇಕಾಗುತ್ತದೆ, ಅದನ್ನು ಕೆಲಸದಲ್ಲಿದ್ದೇ ಮಾಡಬಹುದು. ಸಂಗೀತಕ್ಕೆ ಇನ್ನೊಂದು ವಿಶೇಷ ದಾರಿಯನ್ನೂ ಅದೇ 2018ರ ನಿಯಮ ಇಟ್ಟಿದೆ: ಹೆಸರಾಂತ ಗುರುಗಳಲ್ಲಿ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಪಡೆದು, ಶಾಸ್ತ್ರವನ್ನು ತರ್ಕಬದ್ಧವಾಗಿ ವಿವರಿಸಬಲ್ಲ ಕಲಾವಿದರನ್ನು ಅಧ್ಯಾಪಕರಾಗಿ ತೆಗೆದುಕೊಳ್ಳಲು ಅವಕಾಶವಿದೆ. ಇಷ್ಟು ದೊಡ್ಡ ಅವಕಾಶ ನಮ್ಮ ಕಲಾವಿದರಿಗೇ ಗೊತ್ತಿಲ್ಲದಿರುವುದು ಬೇಸರದ ವಿಷಯ. ಆಕಾಶವಾಣಿಯ ಆಡಿಷನ್‌ಗೆ ಕೂತು ಕೆಳಗಿನ ‘ಬಿ ಹೈ’ ಶ್ರೇಣಿಯಿಂದ ‘ಎ’ಗೆ ಏರುವುದಕ್ಕೆ ಖರ್ಚಾಗುವ ವರ್ಷಗಳು ಕಂಠಕ್ಕೂ ಕೈಗೂ ಸೇರುತ್ತವೆ.

ಬರೆಯುವ ಆಸೆಯಿದ್ದು ಪದವಿಯ ಹಂಗು ಬೇಡ ಎನ್ನುವವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಇದೆ. ಕಿರಿಯರಿಗೆ ತಿಂಗಳಿಗೆ 10,000, ನಲವತ್ತು ದಾಟಿದ ಹಿರಿಯರಿಗೆ 20,000 ರೂಪಾಯಿ, ಎರಡು ವರ್ಷ. ಒಂದು ವಿಷಯ ಹಿಡಿದು, ಮುಗಿಸಿ, ವರದಿ ಒಪ್ಪಿಸಬೇಕು. ಪಿಎಚ್.ಡಿ.ಗೆ ಹೋಗಲೋ ಬೇಡವೋ ಎಂದು ತೂಗಾಡುವವರಿಗೆ ನಾನು ಹೇಳುವುದು ಇದನ್ನೇ: ಮೊದಲು ಇಂಥದ್ದೊಂದಕ್ಕೆ ಪ್ರಸ್ತಾವ ಬರೆಯಿರಿ. ಫೆಲೋಶಿಪ್ ಸಿಗದಿದ್ದರೂ, ಐದಾರು ಪುಟದಲ್ಲಿ ನಿಮ್ಮ ಪ್ರಶ್ನೆಯನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಇಡಲು ಬಂದರೆ ಅದೇ ಪುಟಗಳನ್ನು ಹಿಡಿದು ಗೈಡ್ ಹುಡುಕಲು ಹೊರಡಬಹುದು. ಆ ಪುಟಗಳು ಹುಟ್ಟದಿದ್ದರೆ ಈ ವರ್ಷ ಪ್ರವೇಶದ ಅರ್ಜಿ ಹಾಕಬೇಡಿ, ಆಕಾಶವಾಣಿಯ ಆಡಿಷನ್‌ಗೆ ಹೆಸರು ಕೊಡಿ.